ಬಯಲಿನಲ್ಲಿ ನಿಲ್ಲುವ ಪುಟ್ಟ ವಿಮಾನಕ್ಕೆ ಬಿಸಿಲಿನಿಂದ ರಕ್ಷಣೆ: ಹೊಸ ಮಾಲೀಕರಿಗೆ ಮಾರ್ಗದರ್ಶಿ

ಎಲ್ಲರಿಗೂ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಚಾವಣಿಯುಳ್ಳ ಕಟ್ಟಡ, ಸಿಗುವುದಿಲ್ಲ. ಸಿಕ್ಕರೂ ಅದರ ಬಾಡಿಗೆ ಎಲ್ಲರ ಕೈಗೆಟುಕುವುದಿಲ್ಲ. ಹೀಗಾಗಿ ವರ್ಷಗಟ್ಟಲೆ ಹಣ ಕೂಡಿಟ್ಟು, ನಾಲ್ಕಾರು ವಿಮಾನಗಳನ್ನು ನೋಡಿ, ಕೊನೆಗೊಂದನ್ನು ಕೊಂಡವರು ಎಷ್ಟೋ ಸಲ ಅದನ್ನು ತಂದು ನಿಲ್ಲಿಸುವುದು ಬಯಲಿನಲ್ಲಿ. ಎಂಥ ಉತ್ಸಾಹಿಯೂ ವಾರಕ್ಕೆ ಕೆಲವೇ ಗಂಟೆ ಹಾರಿಸಿಯಾನು. ಮಿಕ್ಕ ಹೊತ್ತೆಲ್ಲ ವಿಮಾನ ನಿಂತಲ್ಲೇ ಬಿಸಿಲಿಗೆ ಮೈಯೊಡ್ಡಿರುತ್ತದೆ. ಎಂಜಿನ್ ಓಡಿದ ಗಂಟೆಗಳು ಲಾಗ್‌ಬುಕ್‌ನಲ್ಲಿ ದಾಖಲಾಗುತ್ತವೆ. ಬಿಸಿಲಿನಲ್ಲಿ ಕಳೆದ ಗಂಟೆಗಳನ್ನು ಯಾರೂ ಬರೆದಿಡುವುದಿಲ್ಲ. ಕಿಟಕಿ ಮಸುಕಾದಾಗ, ರೇಡಿಯೊ ಪರದೆ ಕೈಕೊಟ್ಟಾಗ, ರೆಕ್ಕೆಯ ಬಟ್ಟೆ ಬೆರಳೊತ್ತಿದರೆ ಹರಿಯುವಂತಾದಾಗ ಆ ಲೆಕ್ಕ ಒಟ್ಟಿಗೆ ಎದುರಾಗುತ್ತದೆ.

ಇದನ್ನು ಬಹುಮಟ್ಟಿಗೆ ತಡೆಯಬಹುದು, ಅದಕ್ಕೆ ದೊಡ್ಡ ಖರ್ಚೂ ಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು: ಅವಸರದಲ್ಲಿ ಸಿಕ್ಕಿದ್ದನ್ನು ತಂದು ಹೊದಿಸಿದರೆ, ಬಿಸಿಲು ಐದು ವರ್ಷದಲ್ಲಿ ಮಾಡುವ ಹಾನಿಯನ್ನು ಆ ಹೊದಿಕೆ ಒಂದೇ ಬೇಸಿಗೆಯಲ್ಲಿ ಮಾಡಿ ಮುಗಿಸಬಹುದು. ಆದ್ದರಿಂದ ಕೊಳ್ಳುವುದು ಆಮೇಲೆ ಇರಲಿ. ಮೊದಲು ನೋಡುವುದು, ನಂತರ ತೊಳೆಯುವುದು, ಅದಾದ ಮೇಲೆ ಹೊದಿಸುವುದು.

ಬೆಳಕಿನ ಹಾನಿ, ಶಾಖದ ಹಾನಿ

ಬಿಸಿಲು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎರಡು ಶತ್ರುಗಳಿವೆ. ಒಂದು, 280ರಿಂದ 400 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ. ಇದು ಬಣ್ಣ, ರಬ್ಬರ್, ನೂಲು, ಪ್ಲಾಸ್ಟಿಕ್‌ಗಳ ಅಣುಸರಪಳಿಗಳನ್ನು ಕಡಿಯುತ್ತದೆ. ಈ ಹಾನಿ ತಂಪಾದ ದಿನದಲ್ಲೂ ನಡೆಯುತ್ತದೆ, ತೆಳುಮೋಡದ ದಿನದಲ್ಲೂ ನಡೆಯುತ್ತದೆ. ಇನ್ನೊಂದು ಶಾಖ. ಮುಚ್ಚಿದ ಕಾಕ್‌ಪಿಟ್ ಒಳಗೆ ಬಂದ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇರುವ ಮಧ್ಯಾಹ್ನ ಒಳಗಿನ ಗಾಳಿ 55 ಡಿಗ್ರಿ ದಾಟುವುದು ಅಪರೂಪವಲ್ಲ. ವಿಂಡ್‌ಶೀಲ್ಡ್ ಕೆಳಗಿನ ಕಪ್ಪು ಗ್ಲೇರ್‌ಶೀಲ್ಡ್ (ಉಪಕರಣ ಫಲಕದ ಮೇಲೆ ಬೆಳಕಿನ ಪ್ರತಿಫಲನ ತಡೆಯುವ ಹಾಸು) 70 ಡಿಗ್ರಿಯನ್ನೂ ಮುಟ್ಟಬಹುದು.

ಇವೆರಡನ್ನು ಬೇರೆಬೇರೆಯಾಗಿ ಯೋಚಿಸಬೇಕು ಎನ್ನುವುದಕ್ಕೆ ಕಾರಣವಿದೆ. ಕಿಟಕಿಯ ಒಳಗಡೆ ಹೊಳೆಯುವ ಶಾಖತಡೆ ಹಾಳೆ ಇಟ್ಟರೆ ಉಪಕರಣಗಳಿಗೆ ನೆರಳಾಗುತ್ತದೆ, ಕಾಕ್‌ಪಿಟ್ ತಂಪಾಗುತ್ತದೆ. ಆದರೆ ಕಿಟಕಿಯ ಮೇಲೆ ಬೀಳುವ ಬಿಸಿಲು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಹಾಳೆಯನ್ನು ಕಿಟಕಿಗೆ ಅಂಟಿಕೊಂಡಂತೆ ಇಟ್ಟರೆ ನಡುವೆ ಸಿಕ್ಕಿಕೊಂಡ ಬಿಸಿ ಕಿಟಕಿಯನ್ನೇ ಕಾಯಿಸುತ್ತದೆ. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಬಲಿಕೊಟ್ಟಂತೆ.

ನಿಮ್ಮ ವಿಮಾನ ನಿಲ್ಲುವ ಜಾಗದ ಎತ್ತರವನ್ನೂ ಗಮನಿಸಿ. ಎತ್ತರ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣದ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಒಣ ಮರಳು ಅದರ ಶೇ. 15ರಷ್ಟನ್ನು, ಹೊಸ ಹಿಮ ಶೇ. 80ರವರೆಗೆ ತಿರುಗಿ ಚಿಮ್ಮಿಸುತ್ತದೆ. ರೆಕ್ಕೆಯ ನೆರಳಿನಲ್ಲೇ ಇದ್ದರೂ ಟೈರ್‌ಗಳು ಬಿರುಕು ಬಿಡುವುದಕ್ಕೆ ಹೀಗೆ ನೆಲದಿಂದ ಚಿಮ್ಮುವ ಮತ್ತು ಆಕಾಶದ ತುಂಬ ಚದುರಿದ ಕಿರಣಗಳೂ ಕಾರಣ. ತಲೆಯ ಮೇಲೊಂದು ಚಾವಣಿ ಇದ್ದು ಸುತ್ತ ತೆರೆದಿರುವ ನೆರಳು ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ.

ಮೊದಲ ಹೆಜ್ಜೆ: ಮೈ ಯಾವುದರದ್ದು ಎಂದು ತಿಳಿಯಿರಿ

ಲೋಹದ ವಿಮಾನವಾದರೆ ಮೈ ಗಟ್ಟಿ. ಚಿಂತೆ ಇರುವುದು ಕಿಟಕಿ, ಬಣ್ಣ ಮತ್ತು ಒಳಭಾಗದ ಬಗ್ಗೆ. ಬಟ್ಟೆ ಹೊದಿಸಿದ ವಿಮಾನವಾದರೆ ಕಥೆಯೇ ಬೇರೆ. ಅದರ ರೆಕ್ಕೆಯ ಬಟ್ಟೆ, ಹತ್ತಿಯದಿರಲಿ ಪಾಲಿಯೆಸ್ಟರ್‌ನದಿರಲಿ, ಅತಿನೇರಳೆ ಕಿರಣಕ್ಕೆ ನೇರವಾಗಿ ಸಿಕ್ಕರೆ ಬೇಗ ಕೊಳೆಯುತ್ತದೆ. ಅದನ್ನು ಕಾಯುವುದು ಬಣ್ಣದ ಕೆಳಗಿರುವ, ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿಬಣ್ಣದ ಲೇಪ. ಆ ಲೇಪ ದಪ್ಪವಾಗಿದೆಯೇ ಎಂದು ನೋಡಲು ಹಳೆಯ, ನಂಬಿಕಸ್ಥ ವಿಧಾನವೊಂದಿದೆ. ಕತ್ತಲಾದ ಮೇಲೆ ತಪಾಸಣಾ ರಂಧ್ರದ ಮೂಲಕ ರೆಕ್ಕೆಯೊಳಗೆ ಬಿಸಿಯಾಗದ ದೀಪ ಇಳಿಬಿಟ್ಟು ಹೊರಗಿನಿಂದ ನೋಡಿ. ಬೆಳಕು ಜಿನುಗಿದ ಜಾಗದಲ್ಲಿ ಕಿರಣವೂ ಜಿನುಗುತ್ತದೆ. ಎ ದರ್ಜೆಯ ಹತ್ತಿ ಬಟ್ಟೆ ಹೊಸದರಲ್ಲಿ ಅಂಗುಲಕ್ಕೆ 80 ಪೌಂಡ್ ಎಳೆತ ತಾಳಬೇಕು. ಅದು 56 ಪೌಂಡ್‌ಗಿಂತ ಕೆಳಗಿಳಿದರೆ ಹಾರಾಟಕ್ಕೆ ಯೋಗ್ಯವಲ್ಲ. ಈ ಪರೀಕ್ಷೆಯನ್ನು ಪರವಾನಗಿ ಇರುವ ಮೆಕ್ಯಾನಿಕ್ ಮಾಡಲಿ. ದೀಪದ ಪರೀಕ್ಷೆಯನ್ನು ನೀವೇ ಮಾಡಬಹುದು, ಮಾಡಲೇಬೇಕು.

ಗಾಜಿನ ನಾರು ಅಥವಾ ಕಾರ್ಬನ್ ನಾರಿನಿಂದ ಮಾಡಿದ ವಿಮಾನಗಳಲ್ಲಿ ಭಯವಿರುವುದು ಶಾಖದ್ದು. ನಾರುಗಳನ್ನು ಹಿಡಿದಿಡುವ ಎಪಾಕ್ಸಿ ರಾಳ ಒಂದು ಉಷ್ಣತೆ ದಾಟಿದರೆ ಮೆದುವಾಗತೊಡಗುತ್ತದೆ. ಇಂಥ ವಿಮಾನಗಳಲ್ಲಿ ಹೆಚ್ಚಿನವು ಬಿಳಿಯಾಗಿರುವುದು ಅಂದಕ್ಕಾಗಿ ಅಲ್ಲ. ಡೈಮಂಡ್ ಡಿಎ20 ಎಂಬ ತರಬೇತಿ ವಿಮಾನದಲ್ಲಿ ಸೀಟುಗಳ ಹಿಂದೆ, ರೆಕ್ಕೆಯ ಮುಖ್ಯ ತೊಲೆಯ ಬಳಿ, ಒಂದು ಉಷ್ಣತಾ ಸೂಚಕವೇ ಇದೆ. ರಚನೆಯ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಹಾರುವಂತಿಲ್ಲ. ಆದ್ದರಿಂದ ಇಂಥ ವಿಮಾನ ಕೊಂಡವರು ಅದರ ಮೇಲೆ ಕಡುಬಣ್ಣದ ಪಟ್ಟಿ ಎಳೆಯಿಸುವ ಆಸೆಯನ್ನು ಬಿಡಬೇಕು. ಬಣ್ಣ ಬದಲಿಸುವ ಮುನ್ನ ತಯಾರಕರ ಕೈಪಿಡಿ ಯಾವ ಬಣ್ಣಕ್ಕೆ, ಯಾವ ಭಾಗದಲ್ಲಿ ಅನುಮತಿ ಕೊಟ್ಟಿದೆ ಎಂದು ಓದಿ.

ಅದೇ ದಿನ ಇನ್ನೊಂದು ಕೆಲಸ ಮಾಡಿ: ಕಿಟಕಿಗಳು, ಬಣ್ಣ, ಟೈರ್, ಸೀಟು, ರಬ್ಬರ್ ಅಂಚುಗಳು, ಎಲ್ಲದರ ಹತ್ತಿರದ ಫೋಟೊ ತೆಗೆದಿಡಿ. ಆರು ತಿಂಗಳ ನಂತರ ಕಂಡ ಬಿರುಕು ಮೊದಲೇ ಇತ್ತೇ, ಈಗ ಬಂತೇ ಎಂಬ ಪ್ರಶ್ನೆಗೆ ನೆನಪು ಉತ್ತರ ಕೊಡುವುದಿಲ್ಲ.

ಎರಡನೆಯ ಹೆಜ್ಜೆ: ಕಿಟಕಿಗಳ ಆರೈಕೆ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಓದಿ. ಪುಟ್ಟ ವಿಮಾನದ ಕಿಟಕಿಗಳು ಸಾಮಾನ್ಯವಾಗಿ ಗಾಜಿನವಲ್ಲ, ಅಕ್ರಿಲಿಕ್‌ನವು. ಅಕ್ರಿಲಿಕ್ ಬಿಸಿಯಾದಾಗ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಬರುವಾಗ 40 ಡಿಗ್ರಿ ವ್ಯತ್ಯಾಸವಾಯಿತು ಎಂದಿಟ್ಟುಕೊಳ್ಳಿ. ಒಂದು ಮೀಟರ್ ಅಗಲದ ವಿಂಡ್‌ಶೀಲ್ಡ್ ಸುಮಾರು 3 ಮಿಲಿಮೀಟರ್ ಹಿಗ್ಗಿದರೆ ಅದನ್ನು ಹಿಡಿದಿರುವ ಲೋಹದ ಚೌಕಟ್ಟು ಹಿಗ್ಗುವುದು ಬರೀ 1 ಮಿಲಿಮೀಟರ್. ಈ ಎಳೆದಾಟ ದಿನವೂ ನಡೆಯುತ್ತದೆ. ಅದರ ಫಲವಾಗಿ ಅಂಚುಗಳಲ್ಲಿ, ಸ್ಕ್ರೂಗಳ ಸುತ್ತ, ಕೂದಲಿಗಿಂತ ಸಣ್ಣ ಬಿರುಕುಗಳ ಜಾಲ ಹುಟ್ಟುತ್ತದೆ.

ಅದನ್ನು ನೋಡುವ ಕ್ರಮ ಹೀಗಿದೆ. ಸೂರ್ಯ ಕೆಳಗಿರುವ ಹೊತ್ತು, ಅಂದರೆ ಬೆಳಗ್ಗೆ ಅಥವಾ ಸಂಜೆ, ಕಾಕ್‌ಪಿಟ್‌ನಲ್ಲಿ ಕುಳಿತು ಬೆಳಕು ಓರೆಯಾಗಿ ಬೀಳುವಂತೆ ತಲೆಯನ್ನು ನಿಧಾನವಾಗಿ ಅತ್ತಿತ್ತ ಮಾಡಿ. ಗೀರುಗಳು ಒಂದೊಂದು ದಿಕ್ಕಿಗೆ ಒಂದೊಂದಾಗಿ ಕಾಣುತ್ತವೆ, ಉಗುರಿಗೂ ಸಿಗುತ್ತವೆ. ಈ ಬಿರುಕುಜಾಲ ಉಗುರಿಗೆ ಸಿಗುವುದಿಲ್ಲ. ಒಂದು ಕೋನದಲ್ಲಿ ಏನೂ ಕಾಣದ ಜಾಗ ಇನ್ನೊಂದು ಕೋನದಲ್ಲಿ ಥಟ್ಟನೆ ಸಾವಿರ ಬೆಳ್ಳಿಗೆರೆಗಳಾಗಿ ಮಿನುಗುತ್ತದೆ. ಗೀರನ್ನು ಉಜ್ಜಿ ತೆಗೆಯಬಹುದು, ಆಳವಾದ ಬಿರುಕುಜಾಲವನ್ನು ತೆಗೆಯಲಾಗದು. ಅದು ಕಿಟಕಿಯ ಬಲವನ್ನೂ ಕುಗ್ಗಿಸುತ್ತದೆ. ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ.

ತೊಳೆಯುವುದು ಸುಲಭ, ಆದರೆ ಅದಕ್ಕೆ ನಿಯಮಗಳಿವೆ. ಉಂಗುರ, ಕೈಗಡಿಯಾರ ಬಿಚ್ಚಿಡಿ. ಕಿಟಕಿ ಬಿಸಿಯಾಗಿದ್ದರೆ ಆರುವವರೆಗೆ ಕಾಯಿರಿ. ಕಾದ ಅಕ್ರಿಲಿಕ್ ಮೇಲೆ ತಣ್ಣೀರು ಸುರಿಯಬಾರದು. ಮೊದಲು ಧಾರಾಳವಾಗಿ ನೀರು ಹರಿಸಿ, ಬರಿಗೈಯ ಬೆರಳುಗಳಿಂದಲೇ ಮೆಲ್ಲಗೆ ಸವರಿ. ಇಲ್ಲಿ ಬಟ್ಟೆಗಿಂತ ಬೆರಳೇ ಮೇಲು: ಮರಳಿನ ಒಂದು ಕಣ ಉಳಿದಿದ್ದರೂ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ, ಬಟ್ಟೆ ಅದನ್ನು ಹಿಡಿದುಕೊಂಡು ಇಡೀ ಕಿಟಕಿಯ ಮೇಲೆ ಎಳೆದಾಡುತ್ತದೆ. ಕಣಗಳೆಲ್ಲ ಹೋದ ಮೇಲೆ ಸೌಮ್ಯ ಸೋಪಿನ ನೀರು, ಮತ್ತೆ ಬರೀ ನೀರು, ಕೊನೆಗೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸುವುದು. ಪಾಲಿಶ್ ಹಚ್ಚುವಾಗ ಕೈ ಮೇಲಿನಿಂದ ಕೆಳಕ್ಕೆ ನೇರವಾಗಿ ಚಲಿಸಲಿ. ಸುತ್ತುಸುತ್ತಾಗಿ ಉಜ್ಜಿದರೆ ಉಳಿಯುವ ಸೂಕ್ಷ್ಮ ಗೀರುಗಳು, ಸೂರ್ಯನಿಗೆ ಎದುರಾಗಿ ಇಳಿಯುವಾಗ ಕಣ್ಣ ಮುಂದೆ ಬೆಳಕಿನ ಬಳೆಗಳಾಗಿ ನಿಲ್ಲುತ್ತವೆ.

ಅಮೋನಿಯ ಇರುವ ಮನೆಬಳಕೆಯ ಗಾಜು ಶುಚಿಕಾರಕ, ಪೆಟ್ರೋಲ್, ಅಸಿಟೋನ್, ಥಿನ್ನರ್, ಸ್ಪಿರಿಟ್ ಇವು ಯಾವುವೂ ಅಕ್ರಿಲಿಕ್ ಬಳಿ ಸುಳಿಯಬಾರದು. ಕಾಗದದ ಟವಲ್ ಕೂಡ ಬೇಡ. ಕಾರಿಗೆ ಅಂಟಿಸುವ ಕಪ್ಪು ಸನ್‌ಫಿಲ್ಮ್ ಅನ್ನು ವಿಮಾನದ ಕಿಟಕಿಗೆ ಅಂಟಿಸುವ ಯೋಚನೆಯನ್ನೂ ಕೈಬಿಡಿ. ಅದು ಬಿಸಿಯನ್ನು ತಾನೇ ಹೀರಿ ಕಿಟಕಿಗೆ ದಾಟಿಸುತ್ತದೆ, ಅಂಟು ಅಕ್ರಿಲಿಕ್‌ಗೆ ಒಗ್ಗುವುದಿಲ್ಲ, ಮೇಲಾಗಿ ಅನುಮೋದಿತ ಭಾಗವೊಂದನ್ನು ಅನುಮತಿಯಿಲ್ಲದೆ ಬದಲಿಸಿದಂತಾಗುತ್ತದೆ.

ಮೇಲಕ್ಕೆ ತೆರೆಯುವ ಗುಮ್ಮಟದಂಥ ಕ್ಯಾನೊಪಿ ಇರುವ ವಿಮಾನಗಳಿಗೆ ಇನ್ನೊಂದು ಮಾತು. ಗಾಳಿಯಾಡಲಿ ಎಂದು ಅದನ್ನು ತೆರೆದಿಟ್ಟು ಹೋಗಬೇಡಿ. ಬಾಗಿದ ಕ್ಯಾನೊಪಿ ಕೆಲವು ಕೋನಗಳಲ್ಲಿ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಸೀಟಿನ ಬಟ್ಟೆಯನ್ನು, ಗ್ಲೇರ್‌ಶೀಲ್ಡನ್ನು ಸುಟ್ಟ ಉದಾಹರಣೆಗಳಿವೆ. ತೆರೆದಿದ್ದಷ್ಟು ಹೊತ್ತು ನೀವು ಪಕ್ಕದಲ್ಲಿರಿ.

ಮೂರನೆಯ ಹೆಜ್ಜೆ: ಹೊದಿಕೆ ಆರಿಸುವುದು

ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಹೊರಗಿನಿಂದ ಹಾಕುವ ಕ್ಯಾನೊಪಿ ಹೊದಿಕೆಯನ್ನೇ ಕೊಳ್ಳಿ ಎನ್ನುವುದು ನನ್ನ ದೃಢ ಅಭಿಪ್ರಾಯ. ಅದು ವಿಂಡ್‌ಶೀಲ್ಡ್‌ನಿಂದ ಹಿಂದಿನ ಕಿಟಕಿಯವರೆಗೆ ಎಲ್ಲವನ್ನೂ ಮುಚ್ಚುತ್ತದೆ; ಬೆಳಕನ್ನೂ ಶಾಖವನ್ನೂ ಕಿಟಕಿಗೆ ಮುಟ್ಟುವ ಮೊದಲೇ ತಡೆಯುತ್ತದೆ. ಒಳಗೆ ಇಡುವ ಹೊಳೆಯುವ ಹಾಳೆಗಳು ಪ್ರಯಾಣದ ನಡುವೆ ಎರಡು ಗಂಟೆ ನಿಲ್ಲಿಸಿದಾಗ ಬಹಳ ಅನುಕೂಲ. ಆಗಲೂ ಹಾಳೆಗೂ ಕಿಟಕಿಗೂ ನಡುವೆ ಅಂತರವಿರಲಿ, ಗಾಳಿಕಿಂಡಿಗಳು ತೆರೆದಿರಲಿ. ತಿಂಗಳುಗಟ್ಟಲೆ ಅವನ್ನೇ ನಂಬಿ ಬಿಡುವುದು ಸರಿಯಲ್ಲ.

ಬಟ್ಟೆಯ ಆಯ್ಕೆಯಲ್ಲಿ ನೋಡಬೇಕಾದ್ದು ಎರಡು ಬಗೆ ಮತ್ತು ಮೂರು ಗುಣ. ನೂಲು ತಯಾರಾಗುವಾಗಲೇ ಬಣ್ಣ ಬೆರೆಸಿದ ಅಕ್ರಿಲಿಕ್ ನೇಯ್ಗೆ ಬಿಸಿಲಿಗೆ ಬೇಗ ಜಗ್ಗುವುದಿಲ್ಲ, ಆದರೆ ತೂಕ ಹೆಚ್ಚು. ಬೆಳ್ಳಿಲೇಪದ ಪಾಲಿಯೆಸ್ಟರ್ ಹಗುರ, ಮಡಿಸಿದರೆ ಚಿಕ್ಕದಾಗುತ್ತದೆ, ಆದರೆ ಬಯಲಿನಲ್ಲಿ ಸದಾ ಹಾಕಿಟ್ಟರೆ ಬೇಗ ಸವೆಯುತ್ತದೆ. ವರ್ಷವಿಡೀ ಹೊರಗೆ ನಿಲ್ಲುವ ವಿಮಾನಕ್ಕೆ ಮೊದಲನೆಯದು, ಪ್ರಯಾಣಕ್ಕೆ ಎರಡನೆಯದು. ಯಾವುದೇ ಆಗಲಿ, ತೇವ ಹೊರಹೋಗುವಂತೆ ಉಸಿರಾಡುವ ಬಟ್ಟೆಯಾಗಿರಬೇಕು, ಕಿಟಕಿಗೆ ತಾಗುವ ಭಾಗದಲ್ಲಿ ಮೆತ್ತನೆಯ ಒಳಪದರ ಇರಬೇಕು, ಹೊರಮೈ ತಿಳಿಬಣ್ಣದ್ದಾಗಿರಬೇಕು.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟಾರ್ಪಾಲನ್ನು ತಂದು ಹಗ್ಗ ಕಟ್ಟಿ ಹೊದಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿಯ ತೇವ ಅದರ ಕೆಳಗೆ ಬೆವರಿನಂತೆ ನಿಂತು ಲೋಹವನ್ನು ತುಕ್ಕಿಗೆ, ಒಳಗಿನ ಬಟ್ಟೆಯನ್ನು ಬೂಸ್ಟಿಗೆ ಒಪ್ಪಿಸುತ್ತದೆ. ಗಾಳಿ ಬಂದರೆ ಅದು ಪಟಪಟ ಬಡಿಯುತ್ತದೆ. ಆ ಬಡಿತಕ್ಕೆ ಧೂಳು ಸೇರಿಕೊಂಡರೆ ಕಿಟಕಿಗೆ ಉಪ್ಪುಕಾಗದ ಉಜ್ಜಿದಂತೆಯೇ ಸರಿ.

ಹೊದಿಕೆಯನ್ನು ಮಾದರಿಯ ಹೆಸರು ಹೇಳಿ ತರಿಸಿಕೊಂಡರೆ ಸಾಲದು. ಹಿಂದಿನ ಮಾಲೀಕರು ಆಂಟೆನಾ ಸೇರಿಸಿರಬಹುದು, ದೀಪದ ಜಾಗ ಬದಲಿಸಿರಬಹುದು, ಹೊರಗಿನ ಥರ್ಮಾಮೀಟರ್ ಕಡ್ಡಿಯನ್ನು ವಿಂಡ್‌ಶೀಲ್ಡ್‌ನಲ್ಲಿ ಕೂರಿಸಿರಬಹುದು. ಪ್ರತಿಯೊಂದರ ಅಳತೆಯನ್ನೂ ಒಂದು ನಿಗದಿತ ಬಿಂದುವಿನಿಂದ, ಉದಾಹರಣೆಗೆ ವಿಂಡ್‌ಶೀಲ್ಡ್‌ನ ಮೇಲಂಚಿನ ನಡುವಿನಿಂದ, ತೆಗೆದು ಫೋಟೊ ಸಹಿತ ತಯಾರಕರಿಗೆ ಕಳುಹಿಸಿ. ಆಂಟೆನಾಕ್ಕೆ ಸರಿಯಾಗಿ ಸೀಳು ಇಲ್ಲದ ಹೊದಿಕೆ ಅದನ್ನು ದಿನವೂ ಬಗ್ಗಿಸುತ್ತದೆ, ಬುಡದಲ್ಲಿ ಬಿರುಕಾಗುತ್ತದೆ, ಅಲ್ಲಿಂದ ಮಳೆನೀರು ಇಳಿಯುತ್ತದೆ.

ಬಟ್ಟೆಯ ವಿಮಾನಕ್ಕೆ ರೆಕ್ಕೆ ಮತ್ತು ಬಾಲದ ಹೊದಿಕೆಗಳೂ ಬೇಕು, ಅದು ಐಷಾರಾಮವಲ್ಲ. ಲೋಹದ ವಿಮಾನಕ್ಕೆ ಅವು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮರದ ಪ್ರೊಪೆಲ್ಲರ್ ಇದ್ದರೆ ಅದಕ್ಕೂ ತಿಳಿಬಣ್ಣದ ಬಟ್ಟೆಯ ಚೀಲ ಹಾಕಿ, ಅಡ್ಡಲಾಗಿ ನಿಲ್ಲಿಸಿ. ನೆಟ್ಟಗೆ ನಿಲ್ಲಿಸಿದರೆ ತೇವ ಕೆಳಗಿನ ಅಲಗಿಗೆ ಇಳಿದು ಸಮತೋಲ ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಹೊದಿಸುವುದು

ಧೂಳು ಹಿಡಿದ ವಿಮಾನಕ್ಕೆ ಹೊದಿಕೆ ಹಾಕಬಾರದು. ಇದೊಂದು ನಿಯಮವನ್ನು ಪಾಲಿಸಿದರೆ ಹೊದಿಕೆಯ ಮೇಲಿನ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಹಾರಿ ಬಂದ ಮೇಲೆ ಎಂಜಿನ್ ತಣಿಯುವಷ್ಟರಲ್ಲಿ ಕಿಟಕಿ ತೊಳೆದು ಒರೆಸಿ. ಹೊದಿಕೆಯನ್ನು ಸುರುಳಿಯಾಗಿ ಚಾವಣಿಯ ಮೇಲಿಟ್ಟು ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಬಿಚ್ಚಿ. ಒಂದು ತುದಿ ಹಿಡಿದು ಇಡೀ ಕಿಟಕಿಯ ಮೇಲೆ ಎಳೆದು ತರುವುದು ಬೇಡ. ಆಂಟೆನಾಗಳನ್ನು ಅವುಗಳ ಸೀಳಿನಿಂದ ಹೊರತೆಗೆದು, ಹೊಟ್ಟೆಯ ಕೆಳಗಿನ ಪಟ್ಟಿಗಳನ್ನು ಮುಂದಿನಿಂದ ಆರಂಭಿಸಿ ಬಿಗಿಯಿರಿ. ಬಟ್ಟೆ ಮೈಗೆ ಅಂಟಿ ನಿಲ್ಲಬೇಕು, ಆದರೆ ಕಿಟಕಿಯನ್ನು ಒತ್ತಬಾರದು. ಬಕಲ್‌ಗಳ ಕೆಳಗೆ ಮೆತ್ತೆ ಇರಲಿ, ಇಳಿಬಿದ್ದ ಪಟ್ಟಿಯ ತುದಿಯನ್ನು ಸಿಕ್ಕಿಸಿಬಿಡಿ; ಗಾಳಿಗೆ ಅದು ರಾತ್ರಿಯಿಡೀ ಬಣ್ಣವನ್ನು ಕುಟ್ಟುತ್ತಿರುತ್ತದೆ. ಪಟ್ಟಿಗಳು ನಿಯಂತ್ರಣ ಪಟಲಗಳ, ಅಂದರೆ ರೆಕ್ಕೆ ಮತ್ತು ಬಾಲದಲ್ಲಿ ಆಡುವ ಭಾಗಗಳ, ಕೀಲುಗಳ ಮೇಲೆ ಹಾಯಬಾರದು.

ವಿಮಾನವನ್ನು ಯಾವ ದಿಕ್ಕಿಗೆ ನಿಲ್ಲಿಸಬೇಕು ಎಂದು ಕೇಳುವವರಿದ್ದಾರೆ. ಬಿಸಿಲು ವಿಂಡ್‌ಶೀಲ್ಡ್‌ಗೆ ನೇರ ಬೀಳದಂತೆ ನಿಲ್ಲಿಸಿದರೆ ಕಾಕ್‌ಪಿಟ್ ಒಂದಿಷ್ಟು ತಂಪಾಗಿರುತ್ತದೆ, ನಿಜ. ಆದರೂ ಗಾಳಿಯ ಮಾತೇ ಮೊದಲು. ಗಾಳಿ ಜೋರಾಗಿ ಬೀಸುವ ದಿಕ್ಕಿಗೆ ಮೂಗು ಇರಲಿ. ಬಿಸಿಲಿನಿಂದ ಉಳಿದ ವಿಮಾನ ಬಿರುಗಾಳಿಗೆ ಮಗುಚಿದರೆ ಏನು ಬಂತು?

ಕಟ್ಟುವ ಹಗ್ಗವೂ ಬಿಸಿಲಿಗೆ ಸೊರಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಪಾಲಿಪ್ರೊಪಿಲೀನ್ ಹಗ್ಗ ಅತಿನೇರಳೆ ಕಿರಣಕ್ಕೆ ತೀರಾ ಬೇಗ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಹೆಚ್ಚು ಕಾಲ ತಾಳುತ್ತದೆ. ಹಗ್ಗದ ಎಳೆಗಳನ್ನು ಬಿಡಿಸಿ ಒಳಗೆ ನೋಡಿ. ಹೊರಗೆ ನವಿರಾದ ರೋಮ ಎದ್ದು, ಉಜ್ಜಿದರೆ ಪುಡಿ ಉದುರುತ್ತಿದ್ದರೆ ಅಂದೇ ಬದಲಿಸಿ.

ಐದನೆಯ ಹೆಜ್ಜೆ: ಒಳಗೇನು ಉಳಿಯಬಾರದು

ಟ್ಯಾಬ್ಲೆಟ್, ಮೊಬೈಲ್, ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ, ಸ್ಪ್ರೇ ಡಬ್ಬಿ, ಲೈಟರ್ ಯಾವುದನ್ನೂ ಕಾಕ್‌ಪಿಟ್‌ನಲ್ಲಿ ಬಿಡಬೇಡಿ. ಹೆಡ್‌ಸೆಟ್‌ನ ಕಿವಿಮೆತ್ತೆಗಳು ಒಣಗಿ ಸಿಪ್ಪೆ ಏಳುತ್ತವೆ, ಅದನ್ನೂ ಮನೆಗೆ ಒಯ್ಯಿರಿ. ಬೆಂಕಿ ಆರಿಸುವ ಸಾಧನ ವಿಮಾನದಲ್ಲೇ ಇರಬೇಕಾದ್ದು. ಅದು ಎಷ್ಟು ಉಷ್ಣತೆ ತಾಳುತ್ತದೆ ಎಂದು ಅದರ ಮೇಲಿನ ಚೀಟಿಯಲ್ಲೇ ಬರೆದಿರುತ್ತದೆ. ಓದಿ, ಬಿಸಿಲು ಬೀಳದ ಕಡೆ ಕೂರಿಸಿ.

ಸೀಟ್ ಬೆಲ್ಟ್‌ಗಳನ್ನು ಕಿಟಕಿಯ ಬಳಿ ಇಳಿಬಿಡದೆ ಸೀಟಿನ ಮೇಲೆ ಮಡಿಸಿಟ್ಟು ಬಟ್ಟೆ ಮುಚ್ಚಿ. ಅವೂ ನೂಲಿನವೇ, ಅವುಗಳ ಬಲವೂ ಬಿಸಿಲಿಗೆ ಇಳಿಯುತ್ತದೆ. ಬಣ್ಣ ಮಾಸಿ ಗಡುಸಾದ ಬೆಲ್ಟ್ ಕಂಡರೆ ಮೆಕ್ಯಾನಿಕ್ ಅಭಿಪ್ರಾಯ ಕೇಳಿ. ಗ್ಲೇರ್‌ಶೀಲ್ಡ್ ಮತ್ತು ಉಪಕರಣ ಫಲಕದ ಮೇಲೆ ಒಂದು ತಿಳಿಬಣ್ಣದ ಬಟ್ಟೆ ಹಾಸುವುದು ಅಗ್ಗದ, ಆದರೆ ಬಹಳ ಪ್ರಯೋಜನದ ಅಭ್ಯಾಸ. ಕಾಂತ ದಿಕ್ಸೂಚಿಯೊಳಗಿನ ದ್ರವ ಬಿಸಿಗೆ ಹಿಗ್ಗುತ್ತದೆ, ರಬ್ಬರ್ ಸೀಲ್ ಸೋತರೆ ಜಿನುಗುತ್ತದೆ. ಅದರೊಳಗೆ ಗಾಳಿಗುಳ್ಳೆ ಕಂಡರೆ ಅದು ಬಿಸಿಲಿನ ಸಹಿ ಎಂದೇ ತಿಳಿಯಿರಿ.

ಟೈರ್, ಇಂಧನ, ಬಣ್ಣ

ಟೈರ್‌ಗೆ ಬಿಳಿ ಅಥವಾ ತಿಳಿಬಣ್ಣದ ಮುಸುಕು ಹಾಕಿ. ಹೊಳಪು ಬರಲಿ ಎಂದು ಹಚ್ಚುವ ಟೈರ್ ಎಣ್ಣೆಗಳು ಬೇಡ. ಓಜೋನ್ ಮತ್ತು ಬಿಸಿಲಿನ ವಿರುದ್ಧ ತಯಾರಕರು ರಬ್ಬರಿನಲ್ಲೇ ಬೆರೆಸಿದ ಮೇಣ ನಿಧಾನವಾಗಿ ಹೊರಮೈಗೆ ಬಂದು ಕಾಯುತ್ತಿರುತ್ತದೆ. ದ್ರಾವಕಗಳು ಅದನ್ನೇ ತೊಳೆದುಬಿಡುತ್ತವೆ. ಸೋಪು ನೀರು ಸಾಕು. ಹಾರಾಟವಿಲ್ಲದ ವಾರಗಳಲ್ಲಿ ವಿಮಾನವನ್ನು ಒಂದಡಿ ಮುಂದೆ ತಳ್ಳಿ ಟೈರ್‌ನ ನೆಲಕ್ಕೆ ತಾಗುವ ಭಾಗ ಬದಲಾಗುವಂತೆ ಮಾಡಿ.

ಇಂಧನದಲ್ಲಿ ಒಂದು ಇಕ್ಕಟ್ಟಿದೆ. ಟ್ಯಾಂಕ್ ಖಾಲಿ ಬಿಟ್ಟರೆ ಹಗಲು ರಾತ್ರಿಯ ಉಷ್ಣತೆಯ ಏರಿಳಿತದಲ್ಲಿ ಒಳಗಿನ ಗಾಳಿಯ ತೇವ ನೀರಾಗಿ ಇಂಧನಕ್ಕೆ ಸೇರುತ್ತದೆ. ರಬ್ಬರ್ ಚೀಲದ ಟ್ಯಾಂಕಾದರೆ ಒಣಗಿ ಬಿರುಕು ಬಿಡುತ್ತದೆ. ಕಂಠಮಟ್ಟ ತುಂಬಿಸಿದರೆ ಬಿಸಿಲಿಗೆ ಹಿಗ್ಗಿ ಹೊರಚೆಲ್ಲುತ್ತದೆ. ವಿಮಾನದ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ನೂರು ಲೀಟರಿಗೆ ಸುಮಾರು 2 ಲೀಟರ್ ಹಿಗ್ಗುತ್ತದೆ. ಆದ್ದರಿಂದ ತಂಪು ಹೊತ್ತಿನಲ್ಲಿ ತುಂಬಿಸುವಾಗ ಆ ಮಟ್ಟಿಗೆ ಜಾಗ ಬಿಡಿ. ಟ್ಯಾಂಕ್ ಮುಚ್ಚಳದ ರಬ್ಬರ್ ಬಳೆ ಒಣಗಿದೆಯೇ ಎಂದು ಪ್ರತಿ ಸಲವೂ ನೋಡಿ: ಬಿಸಿಲಿನಲ್ಲಿ ಒಡೆದ ಬಳೆಯ ದೋಷ ಮೊದಲ ಮಳೆಗೆ ಟ್ಯಾಂಕಿನೊಳಗೆ ನೀರಾಗಿ ಕಾಣಿಸುತ್ತದೆ.

ಬಣ್ಣದ ಮಟ್ಟಿಗೆ ಹೇಳಬೇಕಾದ್ದು ಕಡಿಮೆ. ರೆಕ್ಕೆಯ ಮೇಲ್ಮೈಯನ್ನು ಬೆರಳಿನಿಂದ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಬಣ್ಣದ ಮೇಲ್ಪದರ ಸಾಯತೊಡಗಿದೆ ಎಂದರ್ಥ. ಅದಕ್ಕೂ ಮೊದಲೇ ವರ್ಷಕ್ಕೆ ಒಂದೆರಡು ಸಲ ವಿಮಾನಕ್ಕೆ ಒಪ್ಪುವ ಮೇಣ ಅಥವಾ ಪಾಲಿಮರ್ ಲೇಪ ಹಚ್ಚಿ. ಹಕ್ಕಿಯ ಹಿಕ್ಕೆಯನ್ನು ಕಂಡ ದಿನವೇ ನೀರಿನಲ್ಲಿ ನೆನೆಸಿ ತೆಗೆಯಿರಿ, ಬಿಸಿಲಿಗೆ ಬೆಂದ ಹಿಕ್ಕೆ ಬಣ್ಣವನ್ನೇ ತಿನ್ನುತ್ತದೆ.

ಹಾರುವ ದಿನ

ಹೊದಿಕೆಯ ಜೊತೆಗೆ ಹಾರಾಟದ ವೇಗ ಅಳೆಯಲು ಎದುರುಗಾಳಿ ಹಿಡಿಯುವ ಪಿಟೋ ಕೊಳವೆಗೆ ಮುಸುಕು, ಎಂಜಿನ್‌ನ ಗಾಳಿದ್ವಾರಗಳಿಗೆ ಬಿರಡೆ ಇರಲೇಬೇಕು. ಇವು ಬಿಸಿಲಿಗಲ್ಲ, ಹುಳುಹಕ್ಕಿಗಳಿಗೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನೇರ್ 301 ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಮುಸುಕಿಲ್ಲದೆ ನಿಂತಿದ್ದಾಗ ಪಿಟೋ ಕೊಳವೆಯಲ್ಲಿ ಕಣಜ ಗೂಡು ಕಟ್ಟಿರಬೇಕೆಂದು ತನಿಖೆ ಶಂಕಿಸಿತು. ಅದೇ ವರ್ಷ ಅಕ್ಟೋಬರ್ 2ರಂದು ಲೀಮಾದಿಂದ ಹೊರಟ ಏರೋಪೆರು 603 ವಿಮಾನದಲ್ಲಿ 70 ಮಂದಿ ಸತ್ತದ್ದು, ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಗಳಿಗೆ (ಎತ್ತರ, ವೇಗ ತಿಳಿಯಲು ಹೊರಗಿನ ಗಾಳಿಯ ಒತ್ತಡ ಹಿಡಿಯುವ ರಂಧ್ರಗಳಿಗೆ) ಹಚ್ಚಿದ ಟೇಪನ್ನು ತೆಗೆಯದೆ ಬಿಟ್ಟದ್ದರಿಂದ. ಅವು ದೊಡ್ಡ ವಿಮಾನಗಳು, ಆದರೆ ಪುಟ್ಟ ವಿಮಾನದ ಕೊಳವೆ ರಂಧ್ರಗಳೂ ಅದೇ ಕೆಲಸ ಮಾಡುತ್ತವೆ. ಹಾಕಿದ್ದೆಷ್ಟು ತುಣುಕು ಎಂದು ಒಂದು ಕಾರ್ಡಿನಲ್ಲಿ ಬರೆದು ಸ್ಟಿಯರಿಂಗ್‌ಗೆ ತೂಗುಹಾಕಿ. ತೆಗೆಯುವಾಗ ಎಣಿಸಿ ಚೀಲಕ್ಕೆ ಹಾಕಿ. ಕೆಂಪು ಎಚ್ಚರಿಕೆ ಪಟ್ಟಿಗಳ ಬಣ್ಣ ಬಿಸಿಲಿಗೆ ಮಾಸಿ ಗುಲಾಬಿಯಾದರೆ ಅವು ಕಣ್ಣಿಗೆ ಬೀಳುವುದಿಲ್ಲ. ಅಂಥವನ್ನು ಬದಲಿಸಿ.

ಹೊದಿಕೆ ತೆಗೆಯುವಾಗ ಮೆತ್ತನೆಯ ಒಳಮೈ ಒಳಮೈಗೇ ತಾಗುವಂತೆ ಮಡಿಸಿ, ನೆಲಕ್ಕೆ ಮುಟ್ಟಿಸದೆ ನೇರವಾಗಿ ಚೀಲಕ್ಕೆ ಸೇರಿಸಿ. ಬಾಗಿಲುಗಳನ್ನು ತೆರೆದು ಕಾಕ್‌ಪಿಟ್ ತಣಿಯಲು ಬಿಡಿ. ಲೋಹದ ಬಕಲ್ ಕೈ ಸುಡುವಷ್ಟು ಬಿಸಿಯಿದ್ದರೆ ಪರದೆಗಳೂ ಅಷ್ಟೇ ಬಿಸಿಯಾಗಿವೆ. ಆಗಲೇ ವಿದ್ಯುತ್ ಹರಿಸಬೇಡಿ. ನಿಯಂತ್ರಣಗಳನ್ನು ಆಡಿಸುವಾಗ ಕೈಗೆ ಬಿಗಿ ಅನ್ನಿಸಿದರೆ ಕಡೆಗಣಿಸಬೇಡಿ. ಅಲ್ಯೂಮಿನಿಯಂ ಮೈ ಉಕ್ಕಿನ ತಂತಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಬಿಸಿಲಿಗೆ ನಿಯಂತ್ರಣ ತಂತಿಗಳ ಬಿಗಿ ಏರುತ್ತದೆ. ಅದಕ್ಕೆಂದೇ ತಂತಿಯ ಬಿಗಿಯನ್ನು ಉಷ್ಣತೆಗೆ ಹೊಂದಿಸಿ ಓದುವ ಪಟ್ಟಿ ದುರಸ್ತಿ ಕೈಪಿಡಿಗಳಲ್ಲಿ ಇರುತ್ತದೆ. ಮುಂದಿನ ತಪಾಸಣೆಯಲ್ಲಿ ಮೆಕ್ಯಾನಿಕ್‌ಗೆ ನೆನಪಿಸಿ.

ಹೊದಿಕೆಯ ಆಯಸ್ಸು

ಹೊದಿಕೆಯನ್ನು ವರ್ಷಕ್ಕೆ ಕೆಲವು ಸಲ ಸೌಮ್ಯ ಸೋಪಿನಲ್ಲಿ ಕೈಯಿಂದ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ. ಬಟ್ಟೆ ಮೆತ್ತಗಾಗಿಸುವ ದ್ರವ ಹಾಕಬೇಡಿ, ನೀರು ತಡೆಯುವ ಗುಣ ಹೋಗುತ್ತದೆ. ಒಳಪದರದಲ್ಲಿ ಹುಲ್ಲಿನ ಬೀಜ, ಮರಳು ಸಿಕ್ಕಿಕೊಂಡಿದೆಯೇ ಎಂದು ಕೈಯಾಡಿಸಿ ನೋಡಿ.

ಹಳತಾಗುವಾಗ ಮೊದಲು ಸೋಲುವುದು ಸಾಮಾನ್ಯವಾಗಿ ಬಟ್ಟೆಯಲ್ಲ, ಹೊಲಿಗೆಯ ದಾರ. ಬಿಸಿಲು ಹೆಚ್ಚು ಬೀಳುವ ಚಾವಣಿಯ ಭಾಗದ ಹೊಲಿಗೆಗೆ ಉಗುರು ತಾಗಿಸಿ ಎಳೆಯಿರಿ. ದಾರ ಪಟ್ಟನೆ ತುಂಡಾದರೆ, ಬಟ್ಟೆ ಇನ್ನೂ ಗಟ್ಟಿಯಿದ್ದಾಗಲೇ ಬಿಸಿಲು ತಾಳುವ ದಾರದಿಂದ ಮರುಹೊಲಿಗೆ ಹಾಕಿಸಿ. ಹೊಸ ಹೊದಿಕೆಗಿಂತ ಅದು ಎಷ್ಟೋ ಅಗ್ಗ. ಬಟ್ಟೆಯನ್ನೇ ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ರಂಧ್ರಗಳು ಅಲ್ಲಲ್ಲಿ ಕಂಡರೆ, ಅಥವಾ ಒಳಪದರ ಸವೆದು ಒರಟಾಗಿದ್ದರೆ, ಹೊಲಿಗೆಗೆ ಖರ್ಚು ಮಾಡಬೇಡಿ. ಹೊಸದಕ್ಕೆ ಅಳತೆ ಕೊಡಿ, ಅದು ಬರುವವರೆಗೆ ಕಿಟಕಿಗೆ ಒರಟು ಭಾಗ ತಾಗದಂತೆ ನಡುವೆ ಒಂದು ಶುಭ್ರವಾದ ಮೆತ್ತನೆಯ ಬಟ್ಟೆ ಹಾಸಿ.